ತೊಂದರ ಮತ್ತು ತೊಂದರೆ

ತೆಲುಗಿನಲ್ಲಿ ‘ತೊಂದರ’ ಅಂದರೆ ಅವಸರ. ನಮ್ಮ ಕನ್ನಡದ ತೊಂದರೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ನನಗೆ ಗೊತ್ತಾದದ್ದು 1983ರಲ್ಲಿ. ಗುಲ್ಬರ್ಗ ವಿಶ್ವವಿದ್ಯಾಲಯದ ಎಂಕಾಂ ಸರ್ಟಿಫಿಕೇಟನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಹೈದರಾಬಾದಿಗೆ ಬಂದು ಬ್ಯಾಂಕಿನ ಕೌಂಟರಿನಲ್ಲಿ ಕೂತ ಮೊದಲನೇ ವಾರ ಅದು. ನಲ್ಗೊಂಡ ಕಡೆಯ ರೈತನೊಬ್ಬ ವಿತ್‌ಡ್ರಾವಲ್ ಫಾರಂ ಚಾಚಿ, “ತೊಂದರಗಾ ಇವ್ವಂಡಿ ಸಾರ್, ಬಸ್ಸು ಪೋತುಂದಿ” ಅಂದ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು ಕೇಳಿ ಬೆಳೆದ ನನಗೆ ತೆಲುಗು ಅಷ್ಟಕ್ಕಷ್ಟೆ. ಪಾಪ, ಏನೋ ಕಷ್ಟದಲ್ಲಿದ್ದಾನೆ ಅಂದುಕೊಂಡು, ಏನಪ್ಪಾ ತೊಂದರೆ ಅಂತ ಹರುಕುಮುರುಕು ತೆಲುಗಿನಲ್ಲಿ ವಿಚಾರಿಸುತ್ತಾ ಕೂತೆ. ಅವನಿಗಿದ್ದ ತೊಂದರೆ ನಾನೊಬ್ಬನೇ! ಬಸ್ಸು ಹೋಯಿತೋ ಇತ್ತೋ ನನಗೆ ತಿಳಿಯದು. ಪಕ್ಕದ ಕೌಂಟರಿನವರು ಮಾತ್ರ ಒಂದು ತಿಂಗಳು ನನ್ನನ್ನು ‘ತೊಂದರ ಸಾರ್’ ಅಂತಲೇ ಕರೆದರು.

ಈ ಹಳೆಯ ಕಥೆ ಮತ್ತೆ ನೆನಪಾಗಿದ್ದು 2022ರ ಜುಲೈ ತಿಂಗಳಲ್ಲಿ. ರಿಟೈರಾಗಿ ನಾಲ್ಕು ವರ್ಷ ಆಗಿತ್ತು. ಆಷಾಢದ ಮಳೆ ಹಿಡಿದಿತ್ತು, ಊರಿನಲ್ಲಿ ಬೋನಾಲು ಹಬ್ಬದ ಡೊಳ್ಳು ನಡೆದಿತ್ತು. ಬರ್ಕತ್‌ಪುರದ ನಮ್ಮ ಅಪಾರ್ಟ್‌ಮೆಂಟಿನಿಂದ ಹಾಲಿನ ಬೂತು ನೂರು ಹೆಜ್ಜೆಯೂ ಇಲ್ಲ. ಹಾಲಿಗೆ ಅವಸರವೂ ಇರಲಿಲ್ಲ. ಆದರೂ ಕಾರು ಇಳಿಯುವ ಗ್ರಾನೈಟ್ ಇಳಿಜಾರಿನಲ್ಲಿ, ಛತ್ರಿ ಒಂದು ಕೈ, ಹಾಲಿನ ಪ್ಯಾಕೆಟ್ಟು ಒಂದು ಕೈ, ಹವಾಯಿ ಚಪ್ಪಲಿ ಮೆಟ್ಟಿಕೊಂಡು ಓಡುವ ಹಾಗೆ ಬಂದೆ. ಎಡಗಾಲು ಜಾರಿ ಒಳಮುಖವಾಗಿ ಹೊರಳಿತು, ಅದರ ಮೇಲೆ ನಾನು ಕೂತೆ. ಒಣ ಕಟ್ಟಿಗೆ ಮುರಿದ ಹಾಗೆ ಒಂದು ಸಪ್ಪಳ ಆಯಿತು. ನೋವು ಆಮೇಲೆ ಬಂತು, ಮೊದಲು ಬಂದದ್ದು ಆ ಸಪ್ಪಳ. ವಾಚ್‌ಮನ್ ಓಡಿ ಬಂದು ಮೊದಲು ಹಾಲಿನ ಪ್ಯಾಕೆಟ್ಟು ಎತ್ತಿಕೊಂಡ, ಆಮೇಲೆ ನನ್ನನ್ನು.

ಪಾದ ಮತ್ತು ಕಾಲು ಕೂಡುವ ಆ ಜಾಗಕ್ಕೆ ಕನ್ನಡದಲ್ಲಿ ಹರಡು ಅನ್ನುತ್ತಾರೆ. ನಮ್ಮ ಕಡೆ ಕಾಲಿನ ಗಿಣ್ಣು ಅಂದರೇ ಹೆಚ್ಚು ಜನಕ್ಕೆ ತಿಳಿಯುತ್ತೆ. ಆಸ್ಪತ್ರೆಯಲ್ಲಿ ನರ್ಸು ಅದಕ್ಕೆ ಚೀಲಮಂಡ ಅಂದಳು, ಎಕ್ಸ್‌ರೇ ತೆಗೆಯುವ ಹುಡುಗ ಟಖ್ನಾ ಅಂದ, ಡಾಕ್ಟರು ಆಂಕಲ್ ಅಂದರು. ನಾಲ್ಕು ಭಾಷೆಯಲ್ಲಿ ಹೆಸರಿದ್ದ ಆ ಅಂಗದ ಕಡೆ ಅರವತ್ತನಾಲ್ಕು ವರ್ಷ ನಾನು ನೋಡಿಯೇ ಇರಲಿಲ್ಲ ಅನ್ನಬೇಕು. ಡಾಕ್ಟರು ಎಕ್ಸ್‌ರೇ ಹಾಳೆ ಬೆಳಕಿಗೆ ಹಿಡಿದು ತೋರಿಸಿದರು. ಮೊಣಕಾಲಿನಿಂದ ಕೆಳಗೆ ಎರಡು ಮೂಳೆ ಇಳಿದು ಬರುತ್ತವೆ, ಒಳಗಡೆ ದಪ್ಪನೆಯದು, ಹೊರಗಡೆ ಸಣ್ಣದು. ಇವೆರಡರ ತುದಿ ಸೇರಿ ಒಂದು ಕಮಾನು. ಆ ಕಮಾನಿನೊಳಗೆ ಟೇಲಸ್ ಅನ್ನುವ ಪುಟ್ಟ ಮೂಳೆ ಕೂತಿರುತ್ತೆ. ಮೈಯ ಭಾರವೆಲ್ಲ ಅದರ ಮೂಲಕವೇ ಪಾದಕ್ಕೆ ಇಳಿಯಬೇಕು. ವಿಚಿತ್ರ ಅಂದರೆ ಆ ಮೂಳೆಗೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲವಂತೆ. ಸುತ್ತಲಿನ ಕಮಾನು ಗಟ್ಟಿ ಇದ್ದರೆ ಅದು ಸರಿ ಇರುತ್ತೆ. ನನ್ನ ಕಮಾನಿನ ಎರಡೂ ಕಂಬ ಮುರಿದಿದ್ದವು. ಕಮಾನು ಒಂದೆರಡು ಮಿಲಿಮೀಟರು ಸರಿದು ಕೂಡಿಕೊಂಡರೂ ಮುಂದೆ ಕೀಲು ಸವೆಯುತ್ತೆ, ಆದ್ದರಿಂದ ಪ್ಲೇಟು ಹಾಕಿ ಸ್ಕ್ರೂ ಬಿಗಿಯಬೇಕು ಅಂದರು.

ಹಾಗಾದರೆ ಇವತ್ತೇ ಮಾಡಿಬಿಡಿ ಅಂದೆ. ಆಗಲ್ಲ ಅಂದರು. ಬಾವು ಇಳಿದು ಚರ್ಮದ ಮೇಲೆ ಸಣ್ಣ ಸುಕ್ಕು ಕಾಣಿಸಬೇಕು, ಇಲ್ಲದಿದ್ದರೆ ಹಾಕಿದ ಹೊಲಿಗೆ ಕೂಡೋದಿಲ್ಲವಂತೆ. ಆರು ದಿನ ಕಾಲನ್ನು ದಿಂಬಿನ ಮೇಲೇರಿಸಿ ಸುಕ್ಕಿಗಾಗಿ ಕಾದೆ. ಮುಖದ ಮೇಲೆ ಕೇಳದೇ ಬಂದ ಸುಕ್ಕುಗಳು ಕಾಲಿನ ಮೇಲೆ ಕೇಳಿದರೂ ಬರಲಿಲ್ಲ!

ಈ ಆರು ದಿನದಲ್ಲಿ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಗೆಳೆಯರು ಮೂವರು ಬಂದು, ಆಪರೇಷನ್ ಯಾಕೆ, ಪುತ್ತೂರು ಕಟ್ಟು ಕಟ್ಟಿಸಿ ಅಂದರು. ಇದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಚಿತ್ತೂರು ಸೀಮೆಯ ಪುತ್ತೂರು. ಮೂಳೆ ಕಟ್ಟುವುದಕ್ಕೆ ಹೆಸರಾದ ಊರು. ಅದರ ಹೆಸರಿನ ಬೋರ್ಡು ಹೈದರಾಬಾದಿನ ಗಲ್ಲಿಗಳಲ್ಲೂ ಕಾಣುತ್ತವೆ. ಹಳೆಯ ಸಹೋದ್ಯೋಗಿ ಖಾನ್ ಸಾಹೇಬರು ಟಿಫಿನ್ ಡಬ್ಬಿಯಲ್ಲಿ ಪಾಯಾ ತಂದು, ನಮ್ಮ ಮನೆಯಲ್ಲಿ ತಿನ್ನೋದಿಲ್ಲ ಅಂತ ಬಾಗಿಲಲ್ಲಿ ನೆನಪಾಗಿ, ನಾಲಿಗೆ ಕಚ್ಚಿಕೊಂಡು, ಹಣ್ಣು ಕೊಂಡು ತರಲು ವಾಪಸು ಹೋದರು. ನನ್ನಾಕೆ ಎಳ್ಳಿನ ಉಂಡೆ ಮಾಡಿದಳು. ಸಲಹೆಗಳನ್ನು ನಾನು ಎಲ್ಲರಿಂದಲೂ ಜಮಾ ಮಾಡಿಕೊಂಡೆ, ಖರ್ಚು ಹಾಕಲಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಜೋಮು ಬರಿಸಿದ್ದರು. ಪರದೆ ಆಚೆ ಬಡಗಿಯ ಮನೆಯಂಥ ಸದ್ದು, ಈಚೆ ನನ್ನ ಹಣೆಯ ಮೇಲೆ ಕೈಯಿಟ್ಟು ಕೂತಿದ್ದ ಅರಿವಳಿಕೆಯ ಡಾಕ್ಟರಮ್ಮ. ಮಾತಿಗೆ ಎಳೆದೆ. ಅರಿವಳಿಕೆಗೂ ಈ ಊರಿಗೂ ಹಳೆಯ ನಂಟಿದೆ ಅಂತ ನನಗೆ ಹೇಳಿದವರು ಅವರೇ. 1888 ಮತ್ತು 1889ರಲ್ಲಿ ಕ್ಲೋರೋಫಾರಂ ಕೊಡುವುದು ಎಷ್ಟು ಕ್ಷೇಮ ಅಂತ ಪರೀಕ್ಷೆ ಮಾಡಲು ಎರಡು ಆಯೋಗಗಳು ಇದೇ ಹೈದರಾಬಾದಿನಲ್ಲಿ ಕೂತಿದ್ದವು. ಸರ್ಜನ್ ಎಡ್ವರ್ಡ್ ಲಾರಿ ಅದರ ಮುಂದಾಳು, ಹಣ ಆರನೇ ನಿಜಾಮ ಮೆಹಬೂಬ್ ಅಲಿ ಖಾನರದು. ಲಾರಿಯವರ ಶಿಷ್ಯೆ ಡಾ. ರೂಪಾ ಬಾಯಿ ಫರ್ದೂನ್‌ಜಿ. ಲೋಕದ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಅಂತ ಅವರನ್ನು ಗುರುತಿಸುತ್ತಾರೆ. ಮೂವತ್ತೊಂಬತ್ತು ವರ್ಷ ಈ ಊರಿನ ಅನ್ನ ಉಂಡರೂ ಆ ಹೆಸರು ನಾನು ಕೇಳಿರಲಿಲ್ಲ. ಕೇಳಬೇಕಾದರೆ ಹೀಗೆ ಮಲಗಬೇಕಾಯಿತು.

ಹೊರಗಿನ ಮೂಳೆಗೆ ಒಂದು ಪ್ಲೇಟು, ಒಳಗಿನದಕ್ಕೆ ಎರಡು ಸ್ಕ್ರೂ. ಮೂರನೇ ದಿನ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟೇ: “ಆರು ವಾರ ಈ ಕಾಲು ನೆಲಕ್ಕೆ ತಾಗಬಾರದು. ತೊಂದರ ಪಡಕಂಡಿ.”

ಅವಸರ ಪಡಬೇಡಿ ಅಂತ. ನನ್ನ ಹಳೆಯ ಪದ ನನ್ನನ್ನು ಹುಡುಕಿಕೊಂಡು ಬಂದಿತ್ತು.

ಆರು ವಾರ ಅಂದರೆ ನಲವತ್ತೆರಡು ದಿನ. ಬ್ಯಾಂಕಿನಲ್ಲಿ ಅದೇನು ದೊಡ್ಡ ಅವಧಿ ಅಲ್ಲ, ಫಿಕ್ಸೆಡ್ ಡಿಪಾಜಿಟ್ಟಿನಲ್ಲಿ ಕೇಳುವವರಿಲ್ಲದ ಅವಧಿ. ಹಾಸಿಗೆಯಿಂದ ಬಚ್ಚಲಿಗೆ ಹದಿನಾಲ್ಕು ಅಡಿ. ವಾಕರು ಮುಂದಿಟ್ಟು, ಎರಡೂ ಕೈ ಮೇಲೆ ಭಾರ ಹಾಕಿ, ಒಂದೇ ಕಾಲಲ್ಲಿ ಗುಬ್ಬಿಯ ಹಾಗೆ ಕುಪ್ಪಳಿಸಿ ಹೋಗೋದು. ಮೊದಲ ದಿನ ನಡುವೆ ಎರಡು ಸಲ ನಿಂತೆ. ಬಚ್ಚಲಿನ ಹೊಸ್ತಿಲು ಎರಡು ಇಂಚು. ಆ ಎರಡು ಇಂಚಿನ ಮುಂದೆ ನಿಂತು ಬೆವತಿದ್ದೇನೆ ಅಂದರೆ ನೀವು ನಗಬಹುದು. ಚಹಾ ಕಪ್ಪು ನಾನೇ ಹಿಡಿದುಕೊಂಡು ಬರುವ ಹಾಗಿಲ್ಲ, ಎರಡೂ ಕೈ ವಾಕರಿಗೆ ಸಾಲದ ಕಂತಿನಂತೆ ಕಟ್ಟಿಬಿಟ್ಟಿವೆ. ಪ್ರತಿಯೊಂದಕ್ಕೂ ಯಾರನ್ನಾದರೂ ಕೂಗಬೇಕು. ಕೂಗಿ, ಅವರು ಬರುವ ತನಕ ಕಾಯಬೇಕು.

ಹೀಗೆ ಕಾಯುತ್ತಾ ಕೂತಾಗ ಒಬ್ಬರ ಮುಖ ಪದೇಪದೇ ಕಣ್ಣ ಮುಂದೆ ಬರುತ್ತಿತ್ತು. ನಾನು ಮೊದಲನೇ ಮಹಡಿಯಲ್ಲಿದ್ದ ಒಂದು ಶಾಖೆಯಲ್ಲಿ ಪೆನ್ಷನ್ ವಿಭಾಗ ನೋಡುತ್ತಿದ್ದ ಕಾಲ. ಪ್ರತಿ ನವೆಂಬರಿಗೆ ಪೆನ್ಷನ್‌ದಾರರು ತಾವು ಬದುಕಿದ್ದೇವೆ ಅಂತ ಬಂದು ಸರ್ಟಿಫಿಕೇಟು ಕೊಡಬೇಕು. 2014ರಲ್ಲಿ ಜೀವನ್ ಪ್ರಮಾಣ್ ಬಂದು ಬೆರಳಚ್ಚಿನಿಂದ ಮುಗಿಯುವ ಹಾಗಾಯಿತು, ಇದು ಅದಕ್ಕೂ ಬಹಳ ಮೊದಲು. ನಿವೃತ್ತ ಮೇಷ್ಟ್ರು ಒಬ್ಬರು ಊರುಗೋಲು ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ನನ್ನ ಟೇಬಲ್ಲಿಗೆ ಬಂದು ಮುಟ್ಟುವಾಗ ಸಮಯ ಮೀರಿತ್ತು. ನಾನು ಲೆಡ್ಜರಿನಿಂದ ತಲೆ ಎತ್ತದೆ, “ನಾಳೆ ಬನ್ನಿ” ಅಂದೆ. ಅವರು ಏನೂ ಅನ್ನಲಿಲ್ಲ. ಮಾರನೇ ದಿನ ಬಂದರು, ಸಹಿ ಮಾಡಿದರು, ಹೋದರು. ತಪ್ಪೇನೂ ಆಗಲಿಲ್ಲ, ಯಾರೂ ದೂರು ಕೊಡಲಿಲ್ಲ, ಯಾವ ಆಡಿಟ್ಟಿನಲ್ಲೂ ಬರಲಿಲ್ಲ. ಅವರು ಇಳಿದ ಮೆಟ್ಟಿಲುಗಳ ಸದ್ದು ಮಾತ್ರ ಇಪ್ಪತ್ತು ವರ್ಷ ಕಳೆದ ಮೇಲೆ ನನಗೆ ಕೇಳಿಸಿತು.

ಇನ್ನೊಂದು ಮುಖ ಅಕ್ಕನದು. ಅದು ಇನ್ನೂ ಕಷ್ಟದ್ದು.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಹಿರಿಯರ ಮನೆಯಲ್ಲೇ ಇದ್ದಾಳೆ. ಅವ್ವ ಬೇಗ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. 2019ರ ಡಿಸೆಂಬರಿನಲ್ಲಿ ಹೈದರಾಬಾದಿಗೆ ಬಂದಿದ್ದಳು. ಅವಳಿಗೆ ಒಂದೇ ಆಸೆ, ಸಾಲಾರ್ ಜಂಗ್ ಮ್ಯೂಜಿಯಮ್ಮಿನ ಗಡಿಯಾರ ನೋಡಬೇಕು. ನಮ್ಮಪ್ಪ ನಿಜಾಮರ ರಾಜ್ಯದಲ್ಲಿ ಉರ್ದುವಿನಲ್ಲಿ ಓದಿದವರು, ಹೈದರಾಬಾದ್ ಅವರಿಗೆ ಲಂಡನ್ ಇದ್ದ ಹಾಗೆ. ಆ ಗಡಿಯಾರದೊಳಗಿಂದ ಗಂಟೆಗೊಮ್ಮೆ ಪುಟ್ಟ ಮನುಷ್ಯ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗ್ತಾನೆ ಅಂತ ಅವರು ಹೇಳಿದ್ದನ್ನು ಅಕ್ಕ ಅರವತ್ತು ವರ್ಷ ಕಾಪಾಡಿಕೊಂಡು ಬಂದಿದ್ದಳು. ಹನ್ನೆರಡು ಗಂಟೆಗೆ ಹೋದರೆ ಹನ್ನೆರಡು ಸಲ ಬಾರಿಸುವುದನ್ನು ನೋಡಬಹುದು, ಜನ ಸೇರುವುದೂ ಆಗಲೇ. ನಾವು ಒಳಗೆ ಹೋಗುವಾಗ ಹನ್ನೊಂದೂವರೆ ದಾಟಿತ್ತು. ಅವಳಿಗೆ ಮೊಣಕಾಲು ನೋವು. ನಡುನಡುವೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಾನು ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತು ಕೈಗಡಿಯಾರ ನೋಡುತ್ತಿದ್ದೆ. “ಬಾ ಅಕ್ಕಾ, ಲಗೂನ ಬಾ” ಅಂತ ಎರಡು ಸಲ ಅಂದೆ. ಮೂರನೇ ಸಲ ಅಂದದ್ದು ಬೇರೆ: “ನಿನ್ನ ಕರ್ಕೊಂಡು ಎಲ್ಲೂ ಬರಬಾರದು ನೋಡು.”

ಅವಳು ಅಲ್ಲೇ ಒಂದು ಬೆಂಚಿನ ಮೇಲೆ ಕೂತುಬಿಟ್ಟಳು. “ನೀ ಹೋಗಿ ನೋಡ್ಕೊಂಡು ಬಾ ತಮ್ಮಾ. ಬಂದ್ ಮ್ಯಾಲ ನನಗ ಹೇಳು” ಅಂದಳು. ದೂರದಿಂದ ಗಂಟೆಯ ಸದ್ದು ಕೇಳಿಸಿತು. ನಾನೂ ಹೋಗಲಿಲ್ಲ, ಸಿಟ್ಟಿನಲ್ಲಿ. ಆಮೇಲೆ ಕೊರೋನ ಬಂತು, ಅವಳ ಓಡಾಟ ನಿಂತಿತು. ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ನನ್ನ ಕಾಲು ಮುರಿದ ದಿನದಿಂದ ಅಕ್ಕ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಫೋನು ಮಾಡುತ್ತಿದ್ದಳು. “ಸಬೂರ್ ಇರ್ಲಿ ತಮ್ಮಾ. ಎಲುಬು ಕೂಡ್ಲಾಕ ಟೈಮ್ ಬೇಕಲ್ಲೋ.” ಸಬೂರ್ ಅನ್ನೋದು ಅಪ್ಪನ ಉರ್ದುವಿನಿಂದ ನಮ್ಮ ಮನೆಗೆ ಬಂದ ಪದ. ಪುಸ್ತಕದ ಕನ್ನಡದಲ್ಲಿ ತಾಳ್ಮೆ ಅಂತೀವಿ, ಅದು ನನ್ನ ಬಾಯಿಗೆ ಯಾಕೋ ಶಾಲೆಯ ಗೋಡೆಬರಹದ ಹಾಗೆ ಕೇಳುತ್ತೆ. ತೆಲುಗಿನವರ ಪದ ಓಪಿಕ. ಈ ಓಪಿಕ ಬಲು ಸೊಗಸಾದ ಪದ. ನಮ್ಮ ಮನೆ ಕೆಲಸದಾಕೆ ಜ್ವರ ಬಂದು ಸುಸ್ತಾದಾಗ “ಓಪಿಕ ಲೇದಮ್ಮಾ” ಅನ್ನುತ್ತಾಳೆ, ಮೈಯಲ್ಲಿ ಶಕ್ತಿ ಇಲ್ಲ ಅಂತ ಅರ್ಥ. ಅದೇ ದಿನ ಫಿಜಿಯೋಥೆರಪಿಯ ಹುಡುಗ ಬಂದು, “ಓಪಿಕ ಪಟ್ಟಾಲಿ ಸಾರ್” ಅನ್ನುತ್ತಾನೆ, ತಾಳ್ಮೆ ಇರಬೇಕು ಅಂತ. ಶಕ್ತಿಗೂ ತಾಳ್ಮೆಗೂ ಒಂದೇ ಮಾತು ಇಟ್ಟುಕೊಂಡ ಜನ. ನನಗೆ ಆಗ ಎರಡೂ ಇರಲಿಲ್ಲ.

ಇಲ್ಲ ಅನ್ನೋದು ಐದನೇ ವಾರ ಸಾಬೀತಾಯಿತು. ಎರಡು ಸಂಜೆ ಅಕ್ಕನ ಫೋನು ಬರಲಿಲ್ಲ. ಮೂರನೇ ದಿನ ಪಕ್ಕದ ಮನೆಯವರು ಫೋನು ಎತ್ತಿ, ಜ್ವರ ನೂರಾಮೂರು ಇತ್ತು, ಸಲೈನ್ ಹಾಕಿಸಿಕೊಂಡು ಬಂದೆವು ಅಂದರು. ಅವಳ ಮಗ ಇರೋದು ದುಬೈಯಲ್ಲಿ. ಹೈದರಾಬಾದಿನಿಂದ ಕಲಬುರಗಿ ಕಾರಿನಲ್ಲಿ ಐದು ತಾಸು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಹೋಗಿಬಿಡ್ತೀನಿ ಅಂದೆ. ನನ್ನಾಕೆ, “ಹೋಗಿ ಏನ್ ಮಾಡ್ತೀರಿ? ಅವರ ಹಾಸಿಗಿ ಪಕ್ಕ ಇನ್ನೊಂದು ಹಾಸಿಗಿ ಹಾಸಬೇಕು ಅಷ್ಟ” ಅಂದಳು. ಮಗ ಕೊಂಡಾಪುರದಿಂದ ಫೋನಿನಲ್ಲೇ ಬೇಡ ಅಂದ. ನನಗೆ ಹಟ ಬಂತು. ರಾತ್ರಿ ಎಲ್ಲರೂ ಮಲಗಿದ ಮೇಲೆ, ನಲವತ್ತೆರಡರಲ್ಲಿ ಮೂವತ್ತೈದು ದಿನ ಆಗಿದೆಯಲ್ಲ, ಎಲುಬು ಕೂಡಿರಲೇಬೇಕು ಅಂತ ಲೆಕ್ಕ ಹಾಕಿದೆ. ಶೇಕಡಾ ಎಂಬತ್ತಮೂರು ಆಯಿತಲ್ಲ! ವಾಕರು ಬಿಟ್ಟು ಗೋಡೆ ಹಿಡಿದು ಎಡಗಾಲು ಊರಿದೆ. ಒಂದು ಹೆಜ್ಜೆ, ಎರಡನೇ ಹೆಜ್ಜೆ. ಮೂರನೆಯದಕ್ಕೆ ಪಾದದಿಂದ ತಲೆಯ ತನಕ ಬೆಂಕಿ ಹೊತ್ತಿದಂತಾಗಿ ಅಲ್ಲೇ ಕುಸಿದು ಕೂತೆ.

ಬೆಳಿಗ್ಗೆ ಕಾಲು ಕುಂಬಳಕಾಯಿ ಆಗಿತ್ತು. ಡಾಕ್ಟರು ಹೊಸ ಎಕ್ಸ್‌ರೇ ನೋಡಿದರು. ಪ್ಲೇಟು ಅಲುಗಿರಲಿಲ್ಲ, ಅದು ನನ್ನ ಪುಣ್ಯ. ಒಳಗಿನ ಮೂಳೆ ಕೂಡುತ್ತಿದ್ದ ಜಾಗ ಅವರಿಗೆ ಅಷ್ಟು ಸಮಾಧಾನ ತರಲಿಲ್ಲ. ಬೈಯುತ್ತಾರೆ ಅಂತ ಕಾದೆ. ಅವರು ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ, ಮುಂದಿನ ತಿಂಗಳ ಒಂದು ತಾರೀಕಿನ ಸುತ್ತ ಪೆನ್ನಿನಿಂದ ಗುಂಡಗೆ ಗುರುತು ಹಾಕಿದರು. ಇನ್ನೂ ಮೂರು ವಾರ ಹೆಚ್ಚು. ನನಗೆ ಆಗ ಅನಿಸಿತು, ನಲವತ್ತು ವರ್ಷದ ಹಿಂದೆ ನಾನು ತಪ್ಪು ತಿಳಿದೆ ಅಂತ ನಕ್ಕಿದ್ದರಲ್ಲ ಆ ಕೌಂಟರಿನವರು, ತೆಲುಗಿನ ತೊಂದರಕ್ಕೂ ಕನ್ನಡದ ತೊಂದರೆಗೂ ಏನೂ ಸಂಬಂಧ ಇಲ್ಲ ಅನ್ನೋದನ್ನ ಇನ್ನೊಮ್ಮೆ ವಿಚಾರ ಮಾಡಬೇಕು.

ಅಕ್ಕನಿಗೆ ಜ್ವರ ಬಿಟ್ಟಿತು. ನಾನು ಮಾಡಿದ್ದು ನನ್ನಾಕೆ ಹೇಳಿಬಿಟ್ಟಿದ್ದಳು. “ನಿನ್ನ ಕಾಲು ಬಂದ್ರ ನನ್ನ ಜ್ವರ ಹೋಗ್ತದೇನೋ? ಇಬ್ರನ್ನೂ ನೋಡ್ಲಾಕ ಓಣ್ಯಾಗಿನ ಮಂದಿ ಎಷ್ಟಂತ ಬರ್ತಾರ?” ಅಂತ ನಕ್ಕಳು. ಊರು ಬಿಟ್ಟು ಬಂದವರಿಗೆ ಇದೊಂದು ಅಂಜಿಕೆ ಯಾವಾಗಲೂ ಇರುತ್ತೆ, ಬೇಕಾದ ಹೊತ್ತಿಗೆ ನಾವು ಅಲ್ಲಿ ಇರೋದಿಲ್ಲ ಅಂತ. ಅಲ್ಲಿಯವರು ನಮ್ಮನ್ನು ಅಷ್ಟೊಂದು ನೆಚ್ಚಿಕೊಂಡು ಕೂತಿಲ್ಲ ಅನ್ನೋದು ಸಮಾಧಾನವೂ ಹೌದು, ಸ್ವಲ್ಪ ಚುಚ್ಚುವ ಮಾತೂ ಹೌದು.

ಗಣೇಶ ಬಂದು ಹೋದ. ಖೈರತಾಬಾದಿನಲ್ಲಿ ಆ ವರ್ಷ ಮೊದಲ ಸಲ ಪೂರಾ ಮಣ್ಣಿನಿಂದ 50 ಅಡಿಯ ಗಣಪತಿ ಮಾಡಿದ್ದರು, ಟೀವಿಯಲ್ಲೇ ಕೈಮುಗಿದೆ. ಬತುಕಮ್ಮದ ಹೊತ್ತಿಗೆ ಪಾದ ನೆಲಕ್ಕೆ ಇಡಲು ಅನುಮತಿ ಸಿಕ್ಕಿತ್ತು. ಕೆಳಗೆ ಅಂಗಳದಲ್ಲಿ ಹೆಂಗಸರು ತಂಗಡಿ ಹೂವಿನ ಗೋಪುರದ ಸುತ್ತ ಚಪ್ಪಾಳೆ ಹಾಕುತ್ತಾ ಸುತ್ತುತ್ತಿದ್ದರು, ನಾನು ಬಾಲ್ಕನಿಯಿಂದ ಅವರ ಮುಖ ಬಿಟ್ಟು ಕಾಲುಗಳನ್ನೇ ನೋಡುತ್ತಿದ್ದೆ. ಹಿಮ್ಮಡಿ ಊರಿ, ಪಾದ ಉರುಳಿ, ಬೆರಳಿನಿಂದ ತಳ್ಳಿ. ಎಷ್ಟು ಸುಲಭಕ್ಕೆ ಮಾಡುತ್ತಾರಲ್ಲ!

ನಡೆಯೋದನ್ನು ಮತ್ತೆ ಕಲಿಯೋದು ನಾನು ಅಂದುಕೊಂಡಿದ್ದಕ್ಕಿಂತ ನಿಧಾನದ ಕೆಲಸ. ಬಟ್ಟೆ ಬಿಚ್ಚಿ ನೋಡಿದರೆ ಎಡಗಾಲಿನ ಮೀನಖಂಡ ಕರಗಿ ಒನಕೆಯಾಗಿತ್ತು. ಫಿಜಿಯೋಥೆರಪಿಯ ಹುಡುಗ ತೂಕ ನೋಡುವ ಯಂತ್ರ ತಂದು ನೆಲಕ್ಕಿಟ್ಟ. ಬಲಗಾಲು ಅಷ್ಟೇ ಎತ್ತರದ ಪುಸ್ತಕದ ಮೇಲೆ, ಎಡಗಾಲು ಯಂತ್ರದ ಮೇಲೆ. ಮೊದಲ ವಾರ 15 ಕಿಲೋ ಒತ್ತಬೇಕು, ಮುಳ್ಳು ಅದಕ್ಕಿಂತ ಮುಂದೆ ಹೋಗಬಾರದು. ಆಮೇಲೆ 30, ಆಮೇಲೆ 45. ನನ್ನ ತೂಕ 72. ಇದು ನನಗೆ ಹಿಡಿಸಿತು, ಲೆಕ್ಕದ ಮನುಷ್ಯನಲ್ಲವೇ. ಒಂದು ಹಳೇ ಡೈರಿಯಲ್ಲಿ ಗೆರೆ ಎಳೆದು ಬರೆಯತೊಡಗಿದೆ. ಪಾದ ಮೇಲಕ್ಕೆ ಎಷ್ಟು ಬಾಗುತ್ತೆ ಅನ್ನೋದಕ್ಕೆ ಒಂದು ಕಾಲಂ. ಚೆನ್ನಾಗಿರುವ ಪಾದ ಸುಮಾರು 20 ಡಿಗ್ರಿ ಬಾಗುತ್ತೆ, ಸರಾಗವಾಗಿ ನಡೆಯಲು ಹತ್ತಾದರೂ ಬೇಕು. ನನ್ನದು ಸೊನ್ನೆಯಿಂದ ಶುರು. ಒಂಬತ್ತು ದಿನಕ್ಕೆ 2. ಆಮೇಲೆ ನಾಲ್ಕು ದಿನ ಅದೇ 2. ಐದನೇ ದಿನ 1! ನಿನ್ನೆ ಹೆಚ್ಚು ಮಾಡಿದ್ದಕ್ಕೆ ಬಾವು ಬಂದು ಹಿಂದಕ್ಕೆ ಹೋಗಿತ್ತು. ಯಾವ ಬ್ಯಾಂಕಿನಲ್ಲೂ ಹೀಗೆ ಅಸಲು ಕರಗೋದನ್ನು ನಾನು ಕಂಡಿಲ್ಲ. ಮೂರನೇ ವಾರ ಡೈರಿ ಮುಚ್ಚಿಟ್ಟೆ. ಹುಡುಗನೂ ಅದೇ ಒಳ್ಳೇದು ಅಂದ. ಬಾವು ಪೂರಾ ಹೋಗಲು ವರ್ಷವೇ ಹಿಡಿಯಬಹುದು, ದಿನದ ಲೆಕ್ಕ ಇಡಬೇಡಿ, ತಿಂಗಳಿಗೊಮ್ಮೆ ನೋಡಿ ಅಂದ.

ಇನ್ನೊಂದು ವ್ಯಾಯಾಮ ಹೇಳಿಕೊಟ್ಟ. ಕಾಲು ಚಾಚಿ ಕೂತು, ಹೆಬ್ಬೆರಳನ್ನೇ ಪೆನ್ನು ಅಂದುಕೊಂಡು ಗಾಳಿಯಲ್ಲಿ ಎ ಬಿ ಸಿ ಡಿ ಬರೆಯೋದು. ಎಲ್ಲಾ ದಿಕ್ಕಿಗೂ ಕೀಲು ತಿರುಗುತ್ತೆ. ಎರಡು ದಿನ ಬರೆದೆ. ಐ, ಎಲ್, ಟಿ ಎಲ್ಲ ನೇರ ಗೆರೆ, ಇದರಲ್ಲೇನು ತಿರುಗೋದು? ಮೂರನೇ ದಿನ ಅ ಆ ಇ ಈ ಬರೆಯಲು ಶುರು ಮಾಡಿದೆ. ನಮ್ಮ ಅಕ್ಷರಗಳೆಲ್ಲ ಸುತ್ತು, ಕೊಂಡಿ, ಸುಳಿ. ಋ ಬರೆಯುವ ಹೊತ್ತಿಗೆ ಹಣೆಯಲ್ಲಿ ಬೆವರು. “ಮಾ ತೆಲುಗು ಕೂಡಾ ಅಂತೇ ಕದಾ ಸಾರ್”, ನಮ್ಮದೂ ಹಾಗೇ ಅಲ್ಲವೇ ಅಂದ ಹುಡುಗ ನಗುತ್ತಾ. ಮಗನ ಮನೆಯವರು ಶನಿವಾರ ಬರುತ್ತಾರೆ. ಮೊಮ್ಮಗಳು ಆಗ ಮೂರನೇ ಕ್ಲಾಸು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ತೆಲಂಗಾಣದಲ್ಲಿ 2018ರ ಕಾನೂನಿನಂತೆ ಶಾಲೆಗಳಲ್ಲಿ ತೆಲುಗು ಕಡ್ಡಾಯ, ಆದ್ದರಿಂದ ಅದು ಬರುತ್ತೆ. ತಾತ ಕಾಲಲ್ಲಿ ಏನೋ ಬರೆಯುತ್ತಾನೆ ಅಂತ ಮುಂದೆ ಕೂತು ಊಹೆ ಮಾಡೋದು ಅವಳ ಆಟವಾಯಿತು. ಅ, ಗ, ದ ತಟ್ಟನೆ ಹೇಳಿದಳು, ಎರಡೂ ಲಿಪಿಯಲ್ಲಿ ಹೆಚ್ಚುಕಡಿಮೆ ಒಂದೇ. ಪ ಬರೆದೆ. “ತಾತಾ, ಮೇಲ್ಗಡೆ ಟಿಕ್ ಮಾರ್ಕ್ ಹಾಕ್ಲಿಲ್ಲ ನೀನು!” ತೆಲುಗಿನ ತಲೆಕಟ್ಟು ಅವಳಿಗೆ ಟಿಕ್ ಮಾರ್ಕು. ಕನ್ನಡದಲ್ಲಿ ಟಿಕ್ ಮಾರ್ಕಿನ ಬದಲು ಒಂದು ಗೆರೆ ಎಳೀಬೇಕು ಪುಟ್ಟಿ ಅಂತ ಎಳೆದು ತೋರಿಸಿದೆ. ಕ ಮತ್ತು ತ ಅವಳನ್ನು ಬಹಳ ಕಾಡಿದವು. ದೀಪಾವಳಿಯ ಹೊತ್ತಿಗೆ ಕಾಗುಣಿತಕ್ಕೆ ಬಂದಿದ್ದೆವು. ಮೂರು ವರ್ಷದಿಂದ ಈ ಹುಡುಗಿಗೆ ಕನ್ನಡ ಕಲಿಸಬೇಕು ಅಂತ ಪುಸ್ತಕ ತಂದಿಟ್ಟಿದ್ದೆ, ಅದು ಬೀರುವಿನಲ್ಲೇ ಇತ್ತು.

ನವೆಂಬರಿನಿಂದ ಕೋಲು ಹಿಡಿದು ನಾನೇ ಫಿಜಿಯೋಥೆರಪಿ ಸೆಂಟರಿಗೆ ಹೋಗತೊಡಗಿದೆ. ಅಲ್ಲಿ ನನ್ನ ಪಕ್ಕದ ಹಾಸಿಗೆಗೆ ಎಂಟು ವರ್ಷದ ಒಬ್ಬ ಹುಡುಗ ಬರುತ್ತಿದ್ದ, ಕಾಲಿಗೆ ಪ್ಲಾಸ್ಟಿಕ್ಕಿನ ಹಗುರ ಕ್ಯಾಲಿಪರು. ಅದನ್ನು ನೋಡಿದಾಗ ಅಬ್ದುಲ್ ಕಲಾಂ ಅವರು ಭಾಷಣಗಳಲ್ಲಿ ಹೇಳುತ್ತಿದ್ದ ಸಂಗತಿ ನೆನಪಾಗುತ್ತಿತ್ತು. ಅವರು ಹೈದರಾಬಾದಿನ ರಕ್ಷಣಾ ಪ್ರಯೋಗಾಲಯದಲ್ಲಿದ್ದಾಗ ಇಲ್ಲಿಯ ನಿಮ್ಸ್ ಆಸ್ಪತ್ರೆಯ ಮೂಳೆ ಡಾಕ್ಟರೊಬ್ಬರು ಬಂದು, ಅಗ್ನಿ ಕ್ಷಿಪಣಿಗಾಗಿ ಮಾಡಿದ ಹಗುರ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿ, ಕಲಾಂ ಅವರನ್ನು ತಮ್ಮ ವಾರ್ಡಿಗೆ ಕರೆದುಕೊಂಡು ಹೋದರಂತೆ. ಅಲ್ಲಿ ಮಕ್ಕಳು 3 ಕಿಲೋ ತೂಕದ ಕಬ್ಬಿಣದ ಕ್ಯಾಲಿಪರು ಎಳೆದುಕೊಂಡು ನಡೆಯುತ್ತಿದ್ದರು. ಮೂರು ವಾರದಲ್ಲಿ 300 ಗ್ರಾಮಿನ ಕ್ಯಾಲಿಪರು ತಯಾರಾಯಿತು. ರಿಟೈರಾಗುವ ಮೊದಲು ಇದನ್ನು ಕೇಳಿ ಚಪ್ಪಾಳೆ ತಟ್ಟಿದ್ದೆ. ನಾನು ಪ್ಲಾಸ್ಟರು ಹೊತ್ತ ಮೇಲೆಯೇ ಮೂರು ಕಿಲೋ ಅಂದರೆ ಎಷ್ಟು ಅಂತ ಕಾಲಿಗೆ ತಿಳಿದದ್ದು. ಆ ಹುಡುಗ ಒಂದು ದಿನ ನನ್ನ ನಡಿಗೆ ನೋಡಿ, “ಅಂಕಲ್, ಕೆಳಗೆ ನೋಡಬೇಡಿ, ಎದುರಿಗೆ ನೋಡಿ” ಅಂತ ಹಿಂದಿಯಲ್ಲಿ ಹೇಳಿಕೊಟ್ಟ. ಫಿಜಿಯೋದವನು ಹತ್ತು ಸಲ ಹೇಳಿದ್ದ ಮಾತೇ. ಅವನು ಹೇಳಿದ ಮೇಲೆ ಎದುರಿಗೆ ನೋಡಿದೆ.

ಸಂಕ್ರಾಂತಿ ಆದ ಮೇಲೆ, 2023ರ ಫೆಬ್ರವರಿಯಲ್ಲಿ, ಅಕ್ಕ ಬಂದಳು. ಇಳಿಸಿಕೊಳ್ಳಲು ಸ್ಟೇಷನ್ನಿಗೆ ನಾನೇ ಹೋಗಿದ್ದೆ. ಪ್ಲಾಟ್‌ಫಾರಮ್ಮಿನ ಮೇಲೆ ಅವಳು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ, ಇಬ್ಬರೂ ಕೋಲು ಊರಿಕೊಂಡು. ಎಷ್ಟು ಹೊತ್ತಾದರೂ ನಡುವಿನ ಅಂತರ ಮುಗಿಯಲೊಲ್ಲದು. ಹತ್ತಿರ ಬಂದವಳೇ ನನ್ನ ಕಾಲು ನೋಡಿ, “ಈಗ ನೋಡು, ನನ್ನ ತಮ್ಮ ಅಂದ್ರ ಮಂದಿ ನಂಬ್ತಾರ” ಅಂದಳು.

ಮೂರನೇ ದಿನ ಸಾಲಾರ್ ಜಂಗಿಗೆ ಹೋಗೋಣ ಅಂದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಆ ದಿನದ ಮಾತು ನಾನು ಎತ್ತಲಿಲ್ಲ. ಎತ್ತಬೇಕು ಅಂತ ಹಿಂದಿನ ರಾತ್ರಿಯೆಲ್ಲ ವಾಕ್ಯ ಜೋಡಿಸಿದ್ದೆ, ಬೆಳಿಗ್ಗೆ ಬಾಯಿಗೆ ಬರಲಿಲ್ಲ. ಹತ್ತು ಗಂಟೆಗೆ ಬಾಗಿಲು ತೆರೆಯುವಾಗಲೇ ಅಲ್ಲಿದ್ದೆವು. ಕೈಗಡಿಯಾರ ಮನೆಯಲ್ಲಿ ಬಿಟ್ಟಿದ್ದೆ. ಮುಸುಕು ಹೊದ್ದ ರೆಬೆಕ್ಕಾ ಮೂರ್ತಿಯ ಮುಂದೆ ಅಕ್ಕ ಬಹಳ ಹೊತ್ತು ನಿಂತಳು, ಇಟಲಿಯ ಬೆಂಜೋನಿ ಕಡೆದದ್ದು. ಕಲ್ಲಿನಲ್ಲಿ ಸೆರಗು ತೆಳ್ಳಗೆ ಹೆಂಗ ಬಂತು ಅಂತ ಕೇಳಿದಳು, ನನಗೆ ಉತ್ತರ ಗೊತ್ತಿರಲಿಲ್ಲ. ಪ್ರತಿ ಕೋಣೆಗೂ ಒಮ್ಮೆ ಕೂತೆವು. ಮೊದಲು ಅವಳು ಕೂಡೋಣು ಅನ್ನುತ್ತಿದ್ದಳು, ಆಮೇಲೆ ನಾನೂ ಅನ್ನತೊಡಗಿದೆ. ಶಾಲೆಯ ಮಕ್ಕಳ ಸಾಲು ನಮ್ಮನ್ನು ದಾಟಿ ಓಡಿತು, ಮೇಷ್ಟ್ರು ಹಿಂದೆ “ತೊಂದರಗಾ, ತೊಂದರಗಾ” ಅಂತ ಕೂಗುತ್ತಿದ್ದರು.

ಗಡಿಯಾರದ ಮುಂದೆ ಹೋಗಿ ಮುಟ್ಟಿದಾಗ ಜನ ಇನ್ನೂ ಸೇರಿರಲಿಲ್ಲ. ಗಾಜಿನೊಳಗೆ ಪುಟ್ಟ ಕಮ್ಮಾರ ಸೆಕೆಂಡಿಗೊಂದು ಪೆಟ್ಟು ಹೊಡೆಯುತ್ತಾ ಕೂತಿದ್ದ. ಅಕ್ಕ ಕೋಲನ್ನು ತೊಡೆಗೆ ಒರಗಿಸಿಕೊಂಡು ಕೂತಳು. ನಾನು ಎಡಗಾಲು ಚಾಚಿ ಪಕ್ಕದಲ್ಲಿ ಕೂತೆ.

“ಎಷ್ಟಾತೋ?”

“ಇನ್ನೂ ಇಪ್ಪತ್ತು ನಿಮಿಷ ಅದ ಅಕ್ಕಾ.”

“ಇರ್ಲಿ ಬಿಡು” ಅಂದು ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಎರಡು ಏಲಕ್ಕಿ ಹಾಕಿದಳು.